ಬಾಕಿ ಅಕ್ಷರಗಳು

ಇಂಟರ್ನೆಟ್ಟು ಸಿಗುವುದು ಪಂಗಡದ ಕಚೇರಿಯ ಹಿಂದಿನ ಟ್ರೈಲರಿನಲ್ಲಿ,
ಅದೂ ಕಿಟಕಿಯ ಎಡಮೂಲೆಗೆ ಒರಗಿ ಕೂತರೆ.
ಮೂರು ರಾತ್ರಿಯಿಂದ ಕೂತಿದ್ದೇವೆ:
ನಾನು, ವರ್ನಾ ಅತ್ತೆ,
ಮತ್ತು ಸಂಘದ ಖಜಾಂಚಿ ಡೆಲ್ಬರ್ಟ್,
ಇಡೀ ಖಜಾನೆಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದವನು.

ಅಕ್ಕಿ ಮಾಗುವ ವಾರವೇ ಅರ್ಜಿಗೂ ಕೊನೆಯ ವಾರ.

ನಿಮ್ಮ ಯೋಜನೆಯಲ್ಲಿ ಹೊಸತೇನು? ಮೊದಲ ಪ್ರಶ್ನೆ.
ಅತ್ತೆ ಕನ್ನಡಕ ತೆಗೆದು ಲಂಗದ ಅಂಚಿಗೆ ಒರೆಸಿದಳು.
ಹೊಸತೇನಿಲ್ಲ ಮಗಾ. ಸರೋವರದಲ್ಲಿ ಅಕ್ಕಿ ಇತ್ತು,
ಯಾರೂ ಉಳದ ನೀರಿನ ಅಕ್ಕಿ, ಮನೋಮಿನ್.
ಅಣೆಕಟ್ಟಿನವರು ನೀರು ಮೂರಡಿ ಏರಿಸಿದರು,
ಉಸಿರು ಕಟ್ಟಿ ಸತ್ತಿತು.
ಮತ್ತೆ ಬರಬೇಕು. ಹಳೆಯದೇ ಬರಬೇಕು.

ನಾನು ಬರೆದೆ: ನವೀನ ಮಾದರಿ.

ಉತ್ತರ ಐನೂರು ಅಕ್ಷರ ಮೀರಕೂಡದು,
ನಡುವಿನ ಖಾಲಿ ಜಾಗವೂ ಲೆಕ್ಕಕ್ಕುಂಟು.
ಖಾಲಿಯೂ ಲೆಕ್ಕವೇ? ಡೆಲ್ಬರ್ಟ್ ನಕ್ಕ,
ಹಾಗಾದರೆ ಸರೋವರಕ್ಕೆ ಬಂದು ಎಣಿಸಲಿ.
ಅತ್ತೆಯ ನುಡಿಯಲ್ಲಿ ಒಂದಿಡೀ ವಾಕ್ಯ
ಒಂದೇ ಪದವಾಗಿ ಬೆಸೆದುಕೊಳ್ಳುತ್ತದೆ.
ಪೆಟ್ಟಿಗೆ ಅದನ್ನು ನಡುವೆ ಕಡಿಯಿತು,
ಕೆಂಪು ಗೆರೆ ಎಳೆದು ತಪ್ಪು ಎಂದಿತು.

ದಾನ ಪಡೆಯಲು ನೋಂದಣಿ ಸಂಖ್ಯೆ ಬೇಕು. ನಮಗಿಲ್ಲ.
ಪಟ್ಟಣದ ಚರ್ಚಿಗಿದೆ. ಹಣ ಅವರ ಹೆಸರಿಗೆ ಬಂದು,
ನೂರಕ್ಕೆ ಹನ್ನೆರಡು ಅಲ್ಲೇ ಮುರಿದು,
ಉಳಿದದ್ದು ನಮಗೆ.
ಅದೇ ಚರ್ಚಿನ ಶಾಲೆಯಲ್ಲಿ
ಅತ್ತೆಯ ಜಡೆ ಕತ್ತರಿಸಿದ್ದರು, ಆರನೇ ವಯಸ್ಸಿಗೆ.
ಅವಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:
ಈಗ ಹನ್ನೆರಡೇ ಸಾಕಂತೇನು?

ಮೂರು ವರ್ಷದ ಆಡಿಟ್ ಲಗತ್ತಿಸಿ.
ನಾವು ಕೇಳುವ ಹಣಕ್ಕಿಂತ ಆಡಿಟರ ಬಿಲ್ಲು ದೊಡ್ಡದು,
ಮೂಗಿಗಿಂತ ಮೂಗುತಿ ಭಾರ.
ಹೋದ ವರ್ಷ ಸಣ್ಣದೊಂದು ಸಿಕ್ಕಿತ್ತು,
ಅಕ್ಕಿ ಹುರಿಯಲು ಕಬ್ಬಿಣದ ಕಡಾಯಿ.
ದಾನಿಗಳ ಚಿಹ್ನೆ ಎದ್ದು ಕಾಣಬೇಕೆಂದು ಶರತ್ತು.
ಅಂಟಿಸಿದೆವು. ಮೊದಲ ಉರಿಗೇ ಸುರುಟಿ ಬೂದಿಯಾಯಿತು.
ಚಿಹ್ನೆಯ ಫೋಟೋ ಕಳಿಸಿ ಎಂದು
ಈಗಲೂ ತಿಂಗಳಿಗೊಂದು ಪತ್ರ.

ಗುರುವಾರ ಸಂಜೆ ಐದರೊಳಗೆ.
ನಾಲ್ಕೂ ಹತ್ತಕ್ಕೆ ಒತ್ತಿದೆ, ಬೆರಳು ನಡುಗದಂತೆ.
ಅವಧಿ ಮುಗಿದಿದೆ.
ಗಡಿಯಾರ ನೋಡಿದೆವು, ಒಬ್ಬರ ಮುಖ ಒಬ್ಬರು ನೋಡಿದೆವು.
ಟೊರಾಂಟೋದಲ್ಲಿ ಆಗಲೇ ಐದೂ ಹತ್ತು.
ಒಂದೇ ಪ್ರಾಂತ್ಯ, ಒಂದೇ ಬಾವುಟ,
ನಮ್ಮ ಸೂರ್ಯ ಮಾತ್ರ ಒಂದು ಗಂಟೆ ತಡ.
ಡೆಲ್ಬರ್ಟ್ ಡಬ್ಬಿಯ ಮುಚ್ಚಳ ಹಾಕಿದ.
ಬೆಳಿಗ್ಗೆ ಗಾಳಿ ಇರಲಾರದು, ಎಂದಳು ಅತ್ತೆ.

ಇರಲಿಲ್ಲ.
ಉತ್ತರದ ಕೊಲ್ಲಿಯಲ್ಲಿ ಉಳಿದಿರುವುದು ಒಂದು ಅಂಗಳದಷ್ಟು.
ನಾನು ನಿಂತು ಗಳೆ ಊರಿದೆ, ಅವಳು ಕೂತು
ಒಂದು ಕೋಲಿನಿಂದ ತೆನೆ ಬಾಗಿಸಿ
ಇನ್ನೊಂದರಿಂದ ಸವರಿದಳು.
ಕಾಳು ಅರ್ಧ ದೋಣಿಗೆ, ಅರ್ಧ ನೀರಿಗೆ.
ಇಷ್ಟೇ ಇಷ್ಟು ಇರುವಾಗ ಪೋಲಾಗುತ್ತಿದೆಯಲ್ಲ ಎಂದು
ಗಳೆ ಬಿಟ್ಟು ಬಗ್ಗಿ ಕೈಯೊಡ್ಡಿದೆ.
ಅವಳ ಕೋಲು ನನ್ನ ಮಣಿಕಟ್ಟಿಗೆ ತಾಗಿತು,
ತೆನೆಗೆ ತಾಗುವಷ್ಟೇ ಹಗುರ.
ಅದು ನಮ್ಮದಲ್ಲ.

ಮುಂದಿನ ಸುತ್ತು ಫೆಬ್ರವರಿಗಂತೆ. ಕರಡು ಹಾಗೇ ಇದೆ.
ರಾತ್ರಿ ಒಬ್ಬಳೇ ಬಂದು ಎಡಮೂಲೆಗೆ ಒರಗಿದೆ,
ತೋಳಿನೊಳಗೆ ಸಿಕ್ಕ ಕಾಳಿನ ಮುಳ್ಳು ಇನ್ನೂ ಚುಚ್ಚುತ್ತಿತ್ತು.
ಹನ್ನೊಂದನೇ ಪ್ರಶ್ನೆ:
ಅನುದಾನ ನಿಂತ ಮೇಲೆ ಕೆಲಸ ಹೇಗೆ ಮುಂದುವರಿಯುತ್ತದೆ?
ಅಲ್ಲಿ ನನ್ನದೇ ಏಳು ಸಾಲು, ಪಾಲುದಾರಿಕೆ, ಬಲವರ್ಧನೆ, ಇತ್ಯಾದಿ.
ಅಳಿಸಿದೆ.
ಬರೆದೆ: ಅರ್ಧ ನೀರಿಗೆ ಬೀಳುತ್ತದೆ.

ಕೆಳಗೆ ಬೂದು ಬಣ್ಣದಲ್ಲಿ,
ಬಾಕಿ ಅಕ್ಷರಗಳು: ೪೭೬.