ಓಡಿಸೋದು ಎಲ್ಲಿ

ಮೂರು ಮಕ್ಕಳು ಬಂದು ಮೇಜಿನ ಮೇಲೆ ಚಕ್ರ ಸುರಿದರು,
ಅಂಗೈಯಗಲದವು, ಹದಿನಾಲ್ಕು.
ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದೆ ನಾನು,
ಬಾನಿಯಿಂದ ಕೈ ತೆಗೆಯಲಿಲ್ಲ.
'ಮೊಯ್ದು ಕಾಕ, ರೋಬೋಟಿಗೆ ಇದರಲ್ಲಿ ಒಳ್ಳೇದು ಯಾವುದು?'

ಗೋಣಿಕೊಪ್ಪದಲ್ಲಿ ಮೂವತ್ತೊಂದು ವರ್ಷ
ಜೀಪು, ಪಿಕಪ್ಪು, ಡಾಕ್ಟರ ಕಾರು,
ಯಾರೇ ಬರಲಿ, ಮೊದಲು ಕೇಳಿದ್ದು ಒಂದೇ:
ಓಡಿಸೋದು ಎಲ್ಲಿ?
ತಿತಿಮತಿ ರಸ್ತೆಗೆ ಬೇರೆ ಟೈರು,
ತೋಟದೊಳಗಿನ ಕೆಂಪು ಕೆಸರಿಗೆ ಬೇರೆ.
ಸರಪಳಿ ಸುತ್ತಿಕೊಂಡು ಏರು ಹತ್ತುವ ಜೀಪಿಗೆ
ನುಣ್ಣನೆಯದು ಹಾಕಿಕೊಟ್ಟರೆ
ಸಂತೆಯಲ್ಲಿ ಅವರ ಮುಖ ನೋಡಬೇಕಲ್ಲ ನಾನು.

'ಸ್ಪಂಜಿನ ಮ್ಯಾಟು' ಅಂದಳು ದೇಚಮ್ಮ.
ಅಂಗನವಾಡಿಯಿಂದ ಕಡ ತಂದಿದ್ದರು,
ಒಂದಕ್ಕೊಂದು ಹಲ್ಲು ಕಚ್ಚುವ ಚೌಕಗಳು,
ಚೌಕಕ್ಕೊಂದು ಅಕ್ಷರ.
ಙ ಕಳೆದುಹೋಗಿತ್ತು.
ಯಾರಿಗೂ ಕೊರತೆ ಕಾಣಲಿಲ್ಲ.

ಒಂದು ಚಕ್ರ ಮಾತ್ರ ನನಗೆ ತಿಳಿಯಲಿಲ್ಲ.
ಅಂಚಿನ ತುಂಬ ಪುಟಾಣಿ ಉರುಳೆಗಳು,
ಮುಂದಕ್ಕೆ ಎಲ್ಲ ಚಕ್ರದ ಹಾಗೆ,
ಪಕ್ಕಕ್ಕೆ ಏಡಿಯ ಹಾಗೆ.
'ಓಮ್ನಿ' ಅಂದ ಪೂವಯ್ಯ.
ಓಮ್ನಿ ಅಂದರೆ ನನಗೆ ಗೊತ್ತಿದ್ದದ್ದು
ಹದಿನೆಂಟು ಮಕ್ಕಳನ್ನು ತುರುಕಿ ಶಾಲೆಗೆ ಒಯ್ಯುವ ವ್ಯಾನು.
ಹೆಬ್ಬೆರಳಲ್ಲಿ ಅದರ ಪಕ್ಕೆ ಒತ್ತಿದೆ.
ಸರಿಯಿತು.
ಯಾರು ನೂಕಿದರೂ ಆಗಲಿ ಅನ್ನುವ ಚಕ್ರ.

ಮೆಣಸು ತೂಗುವ ಕೊಕ್ಕೆ ತಕ್ಕಡಿ ಕರ್ಪನ ಕೈಲಿತ್ತು,
ಅವನಪ್ಪ ಮರ ಹತ್ತಿ ಮೆಣಸು ಕೊಯ್ಯುವವನು.
ಯಂತ್ರದ ಬಾಲಕ್ಕೆ ಸಿಕ್ಕಿಸಿ ಹಿಡಿದು ಕೂತ.
ಅದು ಎಳೆಯಲಿ; ಚಕ್ರ ಜಾರುವ ಗಳಿಗೆಯಲ್ಲಿ
ಮುಳ್ಳು ಎಲ್ಲಿದೆಯೋ ಅದು ಲೆಕ್ಕ.
ಪ್ಲಾಸ್ಟಿಕ್ಕು ಎರಡೂಕಾಲು ಕಿಲೋ,
'ಕ'ದ ಮೇಲೆ ನಿಂತಲ್ಲೇ ಸುತ್ತಿತು.
ಓಮ್ನಿ ಮೂರೂವರೆ.
ಮೆತ್ತನೆ ರಬ್ಬರು ಆರು ದಾಟಿ
'ಳ' ಚೌಕವನ್ನೇ ಕಿತ್ತುಕೊಂಡು ಹೋಯಿತು.
ನಾನು ಎದ್ದು, ಒದ್ದೆ ಬಟ್ಟೆಯಲ್ಲಿ
ರಬ್ಬರಿನ ಧೂಳು ಒರೆಸಿ ಕೊಟ್ಟೆ.
ಏಳು.
ಆ ಏಳರ ಕೆಳಗೆ ಎರಡು ಗೆರೆ ಎಳೆದರು.

ಹಾಗಾದರೆ ನಾಲ್ಕಕ್ಕೂ ರಬ್ಬರೇ, ಅಂದ ಪೂವಯ್ಯ.
ನೇರ ಹೋಯಿತು, ನೊಗಕ್ಕೆ ಪಳಗಿದ ಎತ್ತು.
ತಿರುಗು ಅಂದರೆ ನೆಲ ಕೆರೆದು ನಡುಗಿತು,
ಮೋಟಾರು ಕಮರಿದ ವಾಸನೆ,
ಸೊಲ್ಯೂಷನ್ನು, ಸುಟ್ಟ ರಬ್ಬರು, ಡೀಸೆಲ್ಲಿನ ನಡುವೆಯೂ
ಅದು ಬೇರೆಯಾಗಿಯೇ ಮೂಗಿಗೆ ಬಂತು.

ದೇಚಮ್ಮ ಹಾಕಿಯಲ್ಲಿ ಬ್ಯಾಕು.
ಜ್ಯಾಕು ಪಕ್ಕಕ್ಕೆ ಒದ್ದು, ಜಾಗ ಮಾಡಿಕೊಂಡು ತೋರಿಸಿದಳು:
ಹಿಂಗಾಲು ಊರಿ, ಮುಂಗಾಲ ಬೆರಳಲ್ಲಿ ತಿರುಗಿ.
'ಎರಡೂ ಊರಿದ್ರೆ ಮಂಡಿ ಹೋಗುತ್ತೆ ಕಾಕ.'
ಹಿಂದೆ ರಬ್ಬರು, ಮುಂದೆ ಓಮ್ನಿ.
ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದವನು ಕರ್ಪ.
'ಭಾರ ಇದ್ದಲ್ಲಿ ಹಿಡಿತ.'
ಆ ದಿನ ಅವನಾಡಿದ್ದು ಅಷ್ಟೇ.

ಮೈಸೂರಿನ ಪಂದ್ಯ ಫೋನಿನಲ್ಲಿ ತೋರಿಸಿದರು.
ನಾಲ್ಕೂ ದಿಕ್ಕಿಗೆ ಜಾರುವ ಸೊಗಸುಗಾರ ಯಂತ್ರವೊಂದು
ನಮ್ಮದರ ಪಕ್ಕೆಗೆ, ಮೂತಿಯ ಹತ್ತಿರ, ಹಣೆ ಕೊಟ್ಟು ನೂಕಿತು.
ಮುಂಭಾಗ ಹೋಯಿತು. ಹಿಂಭಾಗ ನಿಂತಿತು.
ಅಗುಳಿ ತೆಗೆದ ಬಾಗಿಲಿನ ಹಾಗೆ ತೆರೆದುಕೊಂಡಾಗ
ನೂಕಿದವನು ತನ್ನ ರಭಸಕ್ಕೇ ಗೋಡೆ ಸೇರಿದ.
ಮತ್ತೆ ಹಾಕಿ ಅಂದೆ. ಹಾಕಿದರು. ಮತ್ತೆ ಅಂದೆ.

ಮುಂದಿನ ಸುತ್ತಿನಲ್ಲಿ ಸೋತರು.
ತಂತಿ ಕಳಚಿತ್ತಂತೆ, ಚಕ್ರದ ತಪ್ಪಲ್ಲವಂತೆ.
ಮೂರು ಸಲ ಹೇಳಿದರು,
ನನಗೆ ಬೇಜಾರಾದೀತೆಂದು.

ಉಳಿದ ಹತ್ತರಲ್ಲಿ ಒಂದು ಓಮ್ನಿ ಇಲ್ಲೇ ಮರೆತಿದ್ದಾರೆ.
ಪ್ಯಾಚು ಒಣಗುವ ತನಕ ತಿರುಗಿಸುತ್ತೇನೆ,
ಮುಂದಕ್ಕೆ, ಆಮೇಲೆ ಪಕ್ಕಕ್ಕೆ.
ಯಾವ ಗಾಡಿಯದು ಇದು, ಅಂದ ನಿನ್ನೆ ಬಂದ ಪಿಕಪ್ಪಿನವನು.
ನಾನು ಅವನ ಹಿಂದಿನ ಟೈರು ನೋಡುತ್ತಿದ್ದೆ,
ಒಳಮೈ ಮಾತ್ರ ಸವೆದಿತ್ತು.
'ಎಲ್ಲಿ ಓಡಿಸ್ತಿದ್ದೀಯ?' ಅಂದೆ.