ಸೌಂಡ್ ಕಾರ್ಡ್ ಇಲ್ಲದ ವಿಮಾನ

ಮಂಡಿ ಮೊಹಲ್ಲಾದ ಖಲಂದರ್ ಸಾಹೇಬರ ಅಂಗಡಿಯಲ್ಲಿ
ಹಗಲೆಲ್ಲ ಲಗ್ನಪತ್ರಿಕೆ.
ಚಿ॥ರಾ॥ ಎಲ್ಲಿ, ಚಿ॥ಸೌ॥ ಎಲ್ಲಿ ಎಂದು
ಜೋಡಿಸಿ ಜೋಡಿಸಿ ಬಿಸಿಯಾದ ಕಂಪ್ಯೂಟರು
ರಾತ್ರಿ ಎಂಟೂವರೆಗೆ ನಮ್ಮದು.
ಶಟರ್ ಅರ್ಧ ಎಳೆದು ಅವರು ನಮಾಜಿಗೆ ಹೋದರೆ
ಒಳಗೆ ನಾವಿಬ್ಬರು, ಒಂದು ಸೊಳ್ಳೆಬತ್ತಿ,
ನಾಲ್ಕು ಫ್ಲಾಪಿಯ ಒಂದು ಯುದ್ಧ.

ಮೂರನೆಯ ಫ್ಲಾಪಿಗೆ ಬೂಷ್ಟು ಹಿಡಿದಿತ್ತು.
ಗುರುಮಲ್ಲು ಅದನ್ನು ಅಂಗಿಯ ಚುಂಗಿನಲ್ಲಿ ಒರೆಸಿ,
ಉಫ್ ಎಂದು ಊದಿ, ನಂಜುಂಡಪ್ಪಾ ಎಂದು ತಳ್ಳಿದರೆ
ಒಳಗೆ ಯಾರೋ ಅವಲಕ್ಕಿ ಕುಟ್ಟಿದ ಸದ್ದು.
ಅಷ್ಟೇ ಸದ್ದು.
ಆ ಕಂಪ್ಯೂಟರಿಗೆ ಸೌಂಡ್ ಕಾರ್ಡ್ ಇರಲಿಲ್ಲ.
ಲಗ್ನಪತ್ರಿಕೆಗೆ ಯಾಕ್ರೋ ಸೌಂಡು, ಎನ್ನುತ್ತಿದ್ದರು ಸಾಹೇಬರು.

ಹಾಗಾಗಿ ವಿಮಾನ ಮೂಕವಾಗಿ ಏಳುತ್ತಿತ್ತು,
ಮೂಕವಾಗಿ ಉರಿಯುತ್ತಿತ್ತು,
ಗುರುಮಲ್ಲು ಬಾಯಿ ತೆರೆಯುವ ತನಕ.

ಏನಿತ್ತು ಆ ಬಾಯಲ್ಲಿ, ಏನಿರಲಿಲ್ಲ!
ಮೊದಲು ಗಂಟಲಾಳದಲ್ಲಿ ಚೂರು ಚೂರೇ ಬಿಸಿಯಾಗುವ ಎಂಜಿನ್ನು,
ರನ್‌ವೇ ಮುಗಿಯುವ ಹೊತ್ತಿಗೆ ಮೂಗಿಗೇರಿ,
ಮೋಡ ಹೊಕ್ಕಾಗ ತುಟಿ ಅರ್ಧ ಮುಚ್ಚಿ
(ಹೇಗೆಂದು ಈಗಲೂ ಗೊತ್ತಿಲ್ಲ)
ಮೋಡದ ಒಳಗಿನ ಎಂಜಿನ್ನು.
ಗುಂಡಿಗೆ ನಾಲಿಗೆ, ಬಾಂಬಿಗೆ ಕೆನ್ನೆ,
ರೆಕ್ಕೆಗೆ ಬೆಂಕಿ ಹತ್ತಿದರೆ ಹಲ್ಲಿನ ಸಂದಿ.
ಪರದೆಗೆ ಉಗುಳು ಹಾರಿದರೆ
ಮಳೆ ಎಂದುಕೊಂಡು ಕೆಳಗಿಳಿಸುತ್ತಿದ್ದೆ.

ಕೆಳಗೆ ಹಸಿರು ಚೌಕ, ಕಂದು ಚೌಕ.
ಜನ ಇರಲಿಲ್ಲ, ದನ ಇರಲಿಲ್ಲ.
ಹೆಸರಿಲ್ಲದ ಹೊಳೆ, ಅದಕ್ಕೊಂದು ಸೇತುವೆ.
ಒಂದೇ ವಾರದಲ್ಲಿ ಹದಿನಾಲ್ಕು ಸಲ ಕೆಡವಿದ್ದೇನೆ ಅದನ್ನು.
ಒಮ್ಮೆ ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಸ್ಸು ನಿಂತಾಗ
ಕಿಟಕಿಯಿಂದ ಬಗ್ಗಿ
ಯಾವ ಕಂಬಕ್ಕೆ ಬಿಟ್ಟರೆ ಬೀಳುತ್ತೆ ಎಂದು ನೋಡಿದೆ.
ಕೆಳಗೊಬ್ಬಳು ಬಂಡೆಗೆ ಸೀರೆ ಬಡಿಯುತ್ತಿದ್ದಳು.
ತಲೆ ಒಳಗೆಳೆದುಕೊಂಡೆ.
ಗುರುಮಲ್ಲುಗೆ ಹೇಳಲಿಲ್ಲ.

ಭಾನುವಾರ ಸೈಕಲ್ಲಿನಲ್ಲಿ ಡಬಲ್ಸು, ಮಂಡಕಳ್ಳಿಗೆ.
ನಾನು ಮುಂದೆ, ಅವನು ಕ್ಯಾರಿಯರ್ ಮೇಲೆ.
ಆಗ ಅಲ್ಲಿಗೆ ವಿಮಾನ ಬರುತ್ತಿರಲಿಲ್ಲ.
ರನ್‌ವೇ ಬಿರುಕಿಗೆ ಹುಲ್ಲು, ಹುಲ್ಲಿಗೆ ಕುರಿ,
ಕುರಿಗೊಬ್ಬ ಬೀಡಿ ಸೇದುವ ಮುದುಕ.
ಹಿಂದಿನಿಂದ ಗುರುಮಲ್ಲು ಟೇಕಾಫ್ ಶುರು ಮಾಡಿದ.
ಕುರಿಗಳು ದಿಕ್ಕೆಟ್ಟವು.
ಮುದುಕ ಆಕಾಶ ನೋಡಿದ.
ನಿಜವಾಗಿ ಮೇಲೆ ನೋಡಿದ ಕಣ್ರೀ.

ಏಳನೆಯ ಯುದ್ಧದಿಂದ ಮರಳಿ ಇಳಿಯುವಾಗ ಮಾತ್ರ
ನೆಲಕ್ಕೆ ಒಂದಾಳು ಎತ್ತರದಲ್ಲಿ ಎಲ್ಲ ನಿಂತುಬಿಡುತ್ತಿತ್ತು.
ಬೂಷ್ಟು.
ಪರದೆ ಕದಲದಿದ್ದರೂ ಗುರುಮಲ್ಲು
ಉಸಿರಿರುವಷ್ಟೂ ಎಂಜಿನ್ ನಡೆಸುತ್ತಿದ್ದ,
ಹೊರಗೆ ಸಾಹೇಬರ ಬೀಗದ ಕೈ ಸದ್ದಾಗುವವರೆಗೆ.

ಮೊನ್ನೆ ಮಗಳ ಲ್ಯಾಪ್‌ಟಾಪಿನಲ್ಲಿ ಅದೇ ಆಟ ಸಿಕ್ಕಿತು.
ಫ್ಲಾಪಿಯಿಲ್ಲ, ಊದುವುದಿಲ್ಲ, ಚಿಟಿಕೆಯಲ್ಲಿ ತೆರೆಯಿತು.
ಸೌಂಡೂ ಇದೆ.
ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಸೌಂಡು:
ಚಿಲ್ಲರೆ ಡಬ್ಬಿ ಅಲ್ಲಾಡಿಸಿದ ಹಾಗೆ ಗುಂಡು,
ಗಿರಣಿಯ ಬೆಲ್ಟು ಜಾರಿದ ಹಾಗೆ ಎಂಜಿನ್ನು.
ತಪ್ಪು, ಎಂದಿತು ಕಿವಿ.
ಮ್ಯೂಟ್ ಒತ್ತಿದೆ.
ಏಳನೆಯದರಿಂದ ಮರಳಿ ಬಂದೆ. ಇಳಿದೆ.
ನೆಲ ಮುಟ್ಟಿದ್ದಕ್ಕೆ ಒಂದು ಸಾಲಿನ ಅಭಿನಂದನೆ.
ಇಷ್ಟೇನಾ.

ಫೋನ್ ಮಾಡಿದೆ.
ನಂಜನಗೂಡು ರಸ್ತೆಯಲ್ಲಿ ಅವನದೀಗ ಗ್ಯಾರೇಜು,
ಬೈಕು ಬಿಚ್ಚುವ ಮೊದಲು ಕಣ್ಮುಚ್ಚಿ ಕೇಳುತ್ತಾನಂತೆ.
ಆಟ ನೆನಪಿದೆಯಾ ಎಂದರೆ ನಕ್ಕ.
“ನೆನಪಿಲ್ದೆ ಏನು.
ಒಂದ್ ದಿವ್ಸನಾದ್ರೂ ಕೀಬೋರ್ಡ್ ಮುಟ್ಟಕ್ ಬುಟ್ಟಿದ್ಯಾ ನೀನು?
ಬರೀ ಬಾಯಲ್ಲೇ ಹಾರಿದ್ದು ಕಣಯ್ಯಾ ನಾನು.”

ಭಾನುವಾರ ಬಂದ.
ಗ್ರೀಸಿನ ಬೆರಳು ಪ್ಯಾಂಟಿಗೆ ಒರೆಸಿಕೊಂಡು ಕುಳಿತ.
ನಾನು ಪಕ್ಕದ ಸ್ಟೂಲಿನಲ್ಲಿ
ಗಂಟಲು ಸರಿಮಾಡಿಕೊಂಡೆ.
ಮಗಳು ಬಾಗಿಲಲ್ಲಿ ನಿಂತಳು.
ಬಾಯಿಂದ ಬಂದದ್ದು ಮಿಕ್ಸಿ,
ಅದೂ ಚಟ್ನಿಗೆ ನೀರು ಸಾಲದ ಮಿಕ್ಸಿ.
“ಚೋಕ್ ಎಳಿ, ಚೋಕ್ ಎಳಿ” ಎಂದ
ಪರದೆಯಿಂದ ಕಣ್ಣು ಕೀಳದೆ.
ಎಳೆದೆ, ರನ್‌ವೇಯ ಉದ್ದಕ್ಕೂ.
ಏಳಲಿಲ್ಲ ವಿಮಾನ,
ಕೊನೆಯ ಹುಲ್ಲಿನಲ್ಲಿ ಮೂಗು ಊರಿತು.

“ಇನ್ನೊಂದ್ಸಲ” ಎಂದ.