ಕಬ್ಬಿಣಕ್ಕೊಂದು ಚೊಂಬು ನೀರು

ಮಧ್ಯಾಹ್ನ ಮೂರಕ್ಕೇ ಬಂದು ಕೂತಿದ್ದೇನೆ ಮರಳಿನ ಮೇಲೆ,
ಎದುರಿಗೆ ಆರು ಪೆಡಲು, ಬಾಯಲ್ಲಿ ಸ್ಕ್ರೂಡ್ರೈವರು.
ಗಿಟಾರು ಅತ್ತಾಹೆರನದು. ನಾನು ಖಮಿದೂನ್,
ಅಗಾದೆಜ್ ಪೇಟೆಯಲ್ಲಿ ಒಡೆದ ಮೊಬೈಲು ರಿಪೇರಿಯವನು.
ಮದುವೆಯಿದ್ದ ದಿನ ಮಾತ್ರ ಇನ್ನೊಂದು ಕಸುಬು:
ಗುಂಯ್ ಹಿಡಿಯುವುದು.

ಯಾರೂ ಮುಟ್ಟದೆಯೇ ನುಡಿಯುತ್ತಿದೆ ಆಂಪ್ಲಿಫೈಯರು,
ಹಲ್ಲುನೋವಿನವನು ಬಾಯಿ ಮುಚ್ಚಿಕೊಂಡು
ನರಳಿದ ಹಾಗೆ.

ಮೊದಲು ಸಾಲು ನೆಟ್ಟಗಾಗಬೇಕು.
ಹೋದ ಮದುವೆಯಲ್ಲಿ ಹುಡುಗರು ಅವಸರಕ್ಕೆ
ಡಿಲೇ ಮುಂದಿಟ್ಟು ಓವರ್‌ಡ್ರೈವ್ ಹಿಂದಿಟ್ಟು
ಸ್ವರ, ಸ್ವರದ ಮರಿ, ಮರಿಯ ಮರಿ
ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಗಂಜಿಯಾಗಿತ್ತು.
ಕುಣಿಯುವವರಿಗೆ ಕಾಲೆಲ್ಲಿಡಬೇಕೋ ತಿಳಿಯದೆ
ನಿಂತೇಬಿಟ್ಟಿದ್ದರು.

ಈಗ ಮೊದಲು ಟ್ಯೂನರು,
ಯಾರ ಚಾಡಿಯೂ ಕಿವಿಗೆ ಬೀಳದ ಜಾಗದಲ್ಲಿ.
ಆಮೇಲೆ ಓವರ್‌ಡ್ರೈವ್, ಗಂಟಲು ಕೆರೆದೇ ಮಾತಿಗಿಳಿಯುವ ಸೋದರಮಾವ.
ಅದರ ಬೆನ್ನಿಗೆ ಫೇಸರು, ನಮ್ಮ ಕಡೆ ಅದಿಲ್ಲದೆ ಮದುವೆಯಿಲ್ಲ,
ದಿಣ್ಣೆಯ ಮೇಲೆ ಗಾಳಿ ಮಗ್ಗುಲು ಬದಲಿಸಿದಂತೆ
ಸ್ವರ ಹೊರಳಬೇಕು.
ಡಿಲೇ ಕಡೆಗೆ. ಕೂಗಿದ ಮೇಲಲ್ಲವೆ ಓಗೊಡುವುದು.
ಐದನೆಯದರ ಮಾತು ಆಮೇಲೆ.
ಆರನೆಯದು ಸತ್ತು ಎರಡು ವರ್ಷ.
ಕೆಂಪಗಿದೆ, ಇರಲಿ ಅನ್ನುತ್ತಾನೆ ಅತ್ತಾಹೆರ್.
ಇದೆ. ತಂತಿ ಅದನ್ನು ಮಾತಾಡಿಸದೆ ಬಳಸಿ ಹೋಗುತ್ತದೆ.

ಗುಂಯ್ ಹಾಗೇ ಇದೆ.

ಜನರೇಟರಿನಿಂದ ಬರುವುದು ಒಂದೇ ವೈರು.
ಅದಕ್ಕೇ ಸರದೀಪ, ಅದಕ್ಕೇ ಐಸಿನ ಪೆಟ್ಟಿಗೆ,
ಅದಕ್ಕೇ ನೆಂಟರ ಹದಿನೇಳು ಮೊಬೈಲು,
ಒಂದೇ ಕೆಚ್ಚಲಿಗೆ ಮುಗಿಬಿದ್ದ ಮರಿಗಳು.
ಕೀಳಿರಿ ಅಂದೆ. ಮದುಮಗನ ಚಿಕ್ಕಪ್ಪ ಸಿಟ್ಟಾದ.
ಆಗಲಿ. ನನ್ನ ಬೈಕಿನ ಬ್ಯಾಟರಿ ಬಿಚ್ಚಿ ತಂದೆ,
ಹಳೇ ರೇಡಿಯೋದಿಂದ ಕಿತ್ತಿಟ್ಟಿದ್ದ ಮೂರು ಕಾಲಿನ ಕರಿ ಹುಳವೊಂದು
ಹನ್ನೆರಡು ವೋಲ್ಟನ್ನು ಒಂಬತ್ತಕ್ಕೆ ಇಳಿಸಿಕೊಟ್ಟಿತು.
ಪೆಡಲುಗಳು ಬೇರೆ ಒಲೆ ಹೂಡಿದವು.
ರಾತ್ರಿ ಮನೆಗೆ ಬೈಕು ತಳ್ಳಬೇಕು, ಅದೂ ಗೊತ್ತು.

ಗುಂಯ್ ಇಳಿಯಿತು, ಹೋಗಲಿಲ್ಲ.

ಡೇರೆಯ ಕಬ್ಬಿಣದ ಗೂಟ ತಂದು ಬಡಿದೆ.
ಒಣ ಮರಳಿಗೆ ಕರೆಂಟಿನ ದೂರು ಕೇಳುವ ವ್ಯವಧಾನವಿಲ್ಲ.
ನೀರು ಬೇಕು ಅಂದೆ, ಉಪ್ಪು ಹಾಕಿ.
ಮದುಮಗಳ ಅಜ್ಜಿ ಗೈಶಾತು
ಒಲೆಯ ಮೇಲಿನ ಚಹಾದಿಂದ ಕಣ್ಣೆತ್ತಿ ನೋಡಿದಳು.
‘ಒಂಟೆ ಕುಡಿಯುವುದು ಕಂಡಿದ್ದೇನೆ, ಆಡು ಕುಡಿಯುವುದು ಕಂಡಿದ್ದೇನೆ,
ಕಬ್ಬಿಣಕ್ಕೂ ಬಾಯಾರುತ್ತದೆಯೇನೋ?’
ಅಂದವಳೇ ಎದ್ದು ಬಂದು ತಾನೇ ಹೊಯ್ದಳು,
ಒಂದು ಚೊಂಬು, ನಿಧಾನಕ್ಕೆ, ಬೇರಿಗೆ ಹೊಯ್ಯುವ ಹಾಗೆ.

ಯಾರೋ ಎದೆಯ ಮೇಲಿಂದ ಎದ್ದು ಹೋದಂತಾಯಿತು.
ಆಡಿನ ಗೊರಸು ಕೇಳಿಸಿತು,
ಹಿಟ್ಟು ಜರಡಿ ಹಿಡಿಯುವುದು ಕೇಳಿಸಿತು.

ಇನ್ನು ಉಳಿದದ್ದು ಎಳೆಯಷ್ಟು.
ಅದಕ್ಕೆಂದೇ ಐದನೆಯ ಪೆಡಲು, ನಿಯಾಮೆಯಿಂದ ತರಿಸಿದ ನಾಯ್ಸ್ ಗೇಟು.
ಹಾಕಿದೆ. ಎಳೆ ಹೋಯಿತು,
ಜೊತೆಗೆ ಪ್ರತಿ ಸ್ವರದ ಬಾಲವೂ.
ಅತ್ತಾಹೆರ್ ತಂತಿ ಮೀಟಿ ನನ್ನ ಮುಖ ನೋಡಿದ,
ಅರ್ಧ ಮಾತಿಗೇ ಬಾಗಿಲು ಹಾಕಿಸಿಕೊಂಡವನಂತೆ.
ತೆಗೆದು ಜೇಬಿಗಿಳಿಸಿದೆ.

ಕಡೆಯ ಉಪಾಯ. ಅವನ ಭುಜ ಹಿಡಿದು
ಮಾಳಿಗೆಯ ಮೇಲೆ ಟೀವಿ ಏಂಟೆನಾ ತಿರುಗಿಸಿದಂತೆ ತಿರುಗಿಸಿದೆ,
ಇನ್ನೂ ಸ್ವಲ್ಪ, ಇನ್ನೂ, ಸಾಕು, ಹೆಚ್ಚಾಯ್ತು, ಹಿಂದಕ್ಕೆ,
ಮಸೀದಿಯ ಗೋಪುರಕ್ಕೆ ಮೂಗು ನೇರವಾದಾಗ
ಪೂರ್ತಿ ಮೌನ.
‘ಹೀಗೇ ಕೂರು, ಅಲುಗಬೇಡ.’
ಕೂತ.

ಕತ್ತಲಾಯಿತು. ಹೆಂಗಸರು ಬಂದು ಚಾಪೆಯ ಮೇಲೆ ಕೂತರು,
ಪಡುವಲ ಕಡೆ, ಅವನ ಎಡಬೆನ್ನಿಗೆ.
ಮೂರನೆಯವಳು ತಿನಲ್ಬರಕಾ.
ಅವರಿಬ್ಬರೂ ಒಂದೇ ಡೇರೆಯಲ್ಲಿದ್ದದ್ದು ನಾಲ್ಕು ವರ್ಷ,
ಬಿಟ್ಟು ಆರು ತಿಂಗಳು.

ಎರಡನೆಯ ಹಾಡಿಗೆ ನನ್ನ ಕಿವಿ ನಿಮಿರಿತು.
ಗುಂಯ್.
ಗೂಟ ನೋಡಿದೆ, ಒದ್ದೆಯಿದೆ. ಬ್ಯಾಟರಿ ಸರಿಯಿದೆ.
ತಲೆಯೆತ್ತಿದರೆ ಅತ್ತಾಹೆರ್
ಗೋಪುರವನ್ನು ಅದರ ಪಾಡಿಗೆ ಬಿಟ್ಟು
ಬೆರಳಗಲ ಬೆರಳಗಲ ಪಡುವಲಿಗೆ ತಿರುಗುತ್ತಿದ್ದಾನೆ.

ಸ್ಕ್ರೂಡ್ರೈವರು ಕೈಯಲ್ಲೇ ಇತ್ತು.
ಗೈಶಾತು ಮೂರನೆಯ ಸುತ್ತಿನ ಚಹಾ ಚಾಚಿದಳು.
ತೆಗೆದುಕೊಂಡೆ.